ಒಂದು ಸೈಜ್ ದೊಡ್ಡದು

ಬಾನೆಟ್ ಮುಚ್ಚುತ್ತಿಲ್ಲ ಎಂಬ ಸುದ್ದಿ ಮೂರನೇ ಮಹಡಿಯ ಮನೆಗೆ ತಲುಪಿದಾಗ ಬೆಳಿಗ್ಗೆ ಎಂಟು ಗಂಟೆ. ಅಳಿಯ ಇನ್ನೂ ಒಂದು ಕೆನ್ನೆ ಮಾತ್ರ ಬೋಳಿಸಿಕೊಂಡಿದ್ದ. ಅತ್ತೆಯೂ ಹೆಂಡತಿಯೂ ಕಾರು ತೆಗೆದುಕೊಂಡು ಹೋಗಿ ಹತ್ತು ನಿಮಿಷ ಕೂಡ ಆಗಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ಅತ್ತೆಯ ಡ್ರೈವಿಂಗ್ ಪರೀಕ್ಷೆ. ಕಡೆಯದಾಗಿ ಒಂದು ಸುತ್ತು ಕೈಕಾಲು ಆಡಿಸಿಕೊಂಡು ಬರೋಣವೆಂದು ಹೊರಟವರು ಬೀದಿಯ ತಿರುವು ದಾಟುವಷ್ಟರಲ್ಲಿ ಬಾನೆಟ್ ಬಾಯಿಬಿಟ್ಟು ಪಟಪಟ ಬಡಿದುಕೊಳ್ಳತೊಡಗಿತ್ತು. ಅತ್ತೆ ಗಾಬರಿಬೀಳದೆ, ನಡೆದು ಹೋಗುವವರೂ ಹಿಂದಿಕ್ಕುವಷ್ಟು ನಿಧಾನವಾಗಿ ಕಾರನ್ನು ವಾಪಸ್ ತಂದು ನಿಲ್ಲಿಸಿದ್ದರು.

"ಏನ್ ಮಾಡಿದ್ರಿ ರೀ ಅದಕ್ಕೆ?" ಹೆಂಡತಿ ಬಚ್ಚಲಿನ ಬಾಗಿಲಲ್ಲಿ ನಿಂತು ಕೇಳಿದಳು.

ಏನಾಯಿತು ಎಂದು ಕೇಳಲಿಲ್ಲ. ಏನು ಮಾಡಿದಿರಿ ಎಂದು ಕೇಳಿದಳು. ಹದಿನೆಂಟು ವರ್ಷ ಸಂಸಾರ ಮಾಡಿದವನಿಗೆ ಇವೆರಡರ ನಡುವಿನ ದೂರ ಗೊತ್ತಿತ್ತು.

ಅನುಮಾನಕ್ಕೆ ಬೇಕಾದ ಸಾಮಗ್ರಿಯನ್ನು ಅವನೇ ಒದಗಿಸಿದ್ದ. ಹಿಂದಿನ ರಾತ್ರಿ ಊಟಕ್ಕೆ ಕೂತಾಗ, ಅತ್ತೆ ಎದುರಿಗೇ ಇದ್ದಾರೆಂಬುದನ್ನು ಮರೆತವನಂತೆ, ಅವರಿಗೆ ಲೈಸೆನ್ಸ್ ಕೊಡುವುದಾದರೆ ಮೊದಲು ಊರಿನವರಿಗೆಲ್ಲ ಒಂದೊಂದು ಹೆಲ್ಮೆಟ್ ಕೊಡಬೇಕು ಎಂದಿದ್ದ. ಅವನ ಮಗಳು ನಕ್ಕಿದ್ದಳು. ಅತ್ತೆ ಉಪ್ಪಿನ ಡಬ್ಬಿಯನ್ನು ಅವನ ಕಡೆ ಸರಿಸಿದ್ದರು, ಅಷ್ಟೆ. ಹಾಗೆ ಅಂದವನ ಕಾರು ಬೆಳಗಾಗುವಷ್ಟರಲ್ಲಿ ಬಾಯಿಬಿಟ್ಟುಕೊಂಡು ನಿಂತರೆ ಯಾರು ತಾನೇ ಸುಮ್ಮನಿರುತ್ತಾರೆ?

ಅತ್ತೆಗೆ ಇದು ಮೂರನೆಯ ಸಲ. ಕಲಿಕೆಯ ಪರವಾನಗಿಯ ಅವಧಿ ಮುಂದಿನ ವಾರ ಮುಗಿಯುತ್ತಿತ್ತು. ಇವತ್ತು ತಪ್ಪಿದರೆ ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕು. ಅರವತ್ತೊಂದರ ವಯಸ್ಸಿನಲ್ಲಿ ಮೊದಲಿನಿಂದ ಎಂಬ ಮಾತು ಅಷ್ಟು ಹಗುರವಲ್ಲ. ಪರೀಕ್ಷೆಗೆ ಬರುವವರು ಕಾರನ್ನು ತಾವೇ ಒಯ್ಯಬೇಕು. ಹೋದ ತಿಂಗಳು ಬಾನೆಟ್ಟಿಗೆ ಹಗ್ಗ ಬಿಗಿದುಕೊಂಡು ಬಂದವನೊಬ್ಬನನ್ನು ಪರೀಕ್ಷಕರು ಗೇಟಿನಿಂದಲೇ ಹಿಂದಕ್ಕೆ ಕಳಿಸಿದ್ದನ್ನು ಅತ್ತೆ ಕಣ್ಣಾರೆ ಕಂಡಿದ್ದರು.

ತಾನು ಏನೂ ಮಾಡಿಲ್ಲವೆಂದು ಅಳಿಯ ಹೇಳಿದ. ಅದು ಪೂರ್ತಿ ನಿಜವಾಗಿರಲಿಲ್ಲ. ಹಿಂದಿನ ಸಂಜೆ ಅದೇ ಬಾನೆಟ್ ಎತ್ತಿ ಅರ್ಧ ಗಂಟೆ ಅದರೊಳಗೆ ತಲೆಯಿಟ್ಟು ಹೊಸ ಬ್ಯಾಟರಿ ಹಾಕಿದ್ದ. ಕೂರಿಸಿ ಮುಗಿಸುವಷ್ಟರಲ್ಲಿ ಊಟಕ್ಕೆ ಕರೆ ಬಂದು, ಬಾನೆಟ್ಟನ್ನು ಇಳಿಸಿ, ಕೈ ಒರೆಸಿಕೊಂಡು ಮೇಲೆ ಬಂದಿದ್ದ. ಬ್ಯಾಟರಿಗೂ ಬಾನೆಟ್ ಮುಚ್ಚುವುದಕ್ಕೂ ಏನು ಸಂಬಂಧ ಎಂದು ಅವನ ಲೆಕ್ಕ. ಈಗ ಬಾಯಿಬಿಟ್ಟರೆ ಅನುಮಾನಕ್ಕೆ ಸಾಕ್ಷಿಯೂ ಸಿಕ್ಕಂತೆ. ಬ್ಯಾಟರಿ ಯಾಕೆ ತಂದೆ ಎಂದು ಹೇಳಹೊರಟರಂತೂ ಅದು ಇನ್ನೊಂದು ರಾದ್ಧಾಂತ. ಉಳಿದ ಕೆನ್ನೆ ಬೋಳಿಸಿದ.

ಹೆಂಡತಿ ಕೆಲಸಕ್ಕೆ ಹೊರಡುತ್ತಾ ಬಾಗಿಲಲ್ಲಿ ನಿಂತಳು. "ಅಮ್ಮ ಇವತ್ತು ಪರೀಕ್ಷೆಗೆ ಹೋಗ್ತಾಳೆ. ಹೋಗಲಿಲ್ಲ ಅಂದ್ರೆ ಸಂಜೆ ಮಾತಾಡೋಣ" ಎಂದಳು. ಆ ಮನೆಯಲ್ಲಿ ಸಂಜೆ ಮಾತಾಡೋಣ ಎನ್ನುವುದು ಬೈಗುಳಕ್ಕಿಂತ ಮೇಲಿನ ದರ್ಜೆಯದು.

ಅಳಿಯ ತಾನು ಕೆಲಸ ಮಾಡುವ ಅಂಗಡಿಗೆ ರಜೆ ಹೇಳಿ ಕೆಳಗಿಳಿದ. ಮೊದಲು ಬಾನೆಟ್ಟನ್ನು ಒತ್ತಿದ. ಆಮೇಲೆ ಅದರ ಮೇಲೆ ಅರ್ಧ ಕೂತ. ಬಲಮೂಲೆ ಕೂತರೆ ಎಡಮೂಲೆ ಬೆರಳುದಪ್ಪ ಎದ್ದು ನಿಲ್ಲುತ್ತಿತ್ತು. ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ ಆತ ಮೂಲವ್ಯಾಧಿಯ ಆಪರೇಷನ್ ಮಾಡಿಸಿಕೊಂಡು ಆಸ್ಪತ್ರೆಯಲ್ಲಿ ಬೋರಲು ಮಲಗಿದ್ದ. ಆದರೂ ಗಿರಾಕಿಯನ್ನು ಕೈಬಿಡದೆ, ಬಾನೆಟ್ ಸಿಕ್ಕಿಕೊಳ್ಳುವ ಕೊಂಡಿಗೆ ಗ್ರೀಸ್ ಹಚ್ಚಿ, ಅದರ ಬೋಲ್ಟ್ ಸಡಿಲಿಸಿ ಒಂದಿಷ್ಟು ಮೇಲಕ್ಕೆ ತಂದು, ಬಾನೆಟ್ಟನ್ನು ಮೊಳದೆತ್ತರದಿಂದ ಕೈಬಿಡಿ ಎಂದು ಸಲಹೆ ಕೊಟ್ಟ. ಅಳಿಯ ಗ್ರೀಸ್ ಹಚ್ಚಿದ, ಬೋಲ್ಟ್ ಸಡಿಲಿಸಿದ, ಕೈಬಿಟ್ಟ. ಧಡ್ ಎಂಬ ಸದ್ದಿಗೆ ಎರಡನೇ ಮಹಡಿಯ ಕಿಟಕಿ ತೆರೆದುಕೊಂಡಿತು. ಮತ್ತೆ ಕೈಬಿಟ್ಟ. ಹತ್ತೂವರೆಯ ಹೊತ್ತಿಗೆ ಮೊಣಕೈವರೆಗೆ ಮಸಿ ಮೆತ್ತಿತ್ತು. ಬಾನೆಟ್ ಮಾತ್ರ ತನ್ನ ಹಟ ಬಿಟ್ಟಿರಲಿಲ್ಲ.

ಅತ್ತೆ ಕೆಳಗೆ ಬಂದು ಎಷ್ಟು ಹೊತ್ತಿನಿಂದ ಕಂಬಕ್ಕೆ ಒರಗಿ ನಿಂತಿದ್ದರೋ ಅವನು ನೋಡಿರಲಿಲ್ಲ.

"ಕೊಂಡೀನ ಯಾಕೆ ಹಾಗೆ ಚಚ್ತಾ ಇದ್ದೀರಿ? ಅದು ಪಾಪ ಕಾಯ್ಕೊಂಡು ಕೂತಿದೆ. ಮೇಲಿಂದು ಕೆಳಗೆ ಬರ್ತಿಲ್ಲ, ಅಷ್ಟೆ" ಎಂದರು. ಆಮೇಲೆ, "ಎಲ್ಲೋ ಒಂದು ಹಲ್ಲು ಎತ್ತರ ಇದೆ."

ಅತ್ತೆ ಮೂವತ್ತನಾಲ್ಕು ವರ್ಷ ದಂತವೈದ್ಯರೊಬ್ಬರ ಪ್ರಯೋಗಾಲಯದಲ್ಲಿ ಕೂತು ಕಟ್ಟುಹಲ್ಲು ತಯಾರಿಸಿದವರು. ಊರಿನ ಅರ್ಧದಷ್ಟು ಹಿರಿಯರು ಅವರ ಕೈಕೆಲಸವನ್ನು ಬಾಯಲ್ಲಿಟ್ಟುಕೊಂಡೇ ನಗುತ್ತಿದ್ದರು. ಕೂದಲೆಳೆಯಷ್ಟು ಎತ್ತರವಾದರೂ ದವಡೆ ಕೂಡುವುದಿಲ್ಲ, ಒತ್ತಿ ಕಚ್ಚಿದರೆ ನೋವಾಗುವುದೇ ಹೊರತು ಹಲ್ಲು ತಗ್ಗುವುದಿಲ್ಲ ಎಂಬುದು ಅವರಿಗೆ ಉಸಿರಾಟದಷ್ಟೇ ಸಹಜವಾದ ವಿಷಯ. ಕೈಯಲ್ಲೊಂದು ತಗಡಿನ ಡಬ್ಬಿ ಹಿಡಿದು ಬಂದಿದ್ದರು. ಅದರಿಂದ ಗುಲಾಬಿ ಬಣ್ಣದ ಮೇಣದ ಹಾಳೆ ತೆಗೆದು, ಅಂಗೈಯಲ್ಲಿ ಬಿಸಿಮಾಡಿ, ಕಡಲೆಗಾತ್ರದ ಉಂಡೆಗಳನ್ನು ಮಾಡಿದರು. ಎಂಜಿನ್ನಿನ ಮೇಲೆ ಎತ್ತರವಾಗಿ ಕಂಡಲ್ಲೆಲ್ಲ ಒಂದೊಂದು ಅಂಟಿಸಿದರು. ನೀರಿನ ಡಬ್ಬಿಯ ಮುಚ್ಚಳ, ಗಾಳಿಯ ಪೆಟ್ಟಿಗೆ, ಎರಡೂ ಬದಿಯ ರಬ್ಬರ್ ಗುಂಡಿ, ಬ್ಯಾಟರಿಯ ಕೆಂಪು ಟೋಪಿ.

"ಮೆತ್ತಗೆ ಇಳಿಸಿ. ಕುಟ್ಟಬೇಡಿ. ಈಗ ಎರಡೂ ಕೈಯಿಂದ ಒತ್ತಿ. ಸಾಕು, ತೆಗೀರಿ."

ಹನ್ನೊಂದು ಉಂಡೆಗಳು ಇಟ್ಟ ಹಾಗೇ ದುಂಡಗೆ ಕೂತಿದ್ದವು. ಹನ್ನೆರಡನೆಯದು ಬ್ಯಾಟರಿಯ ಟೋಪಿಯ ಮೇಲೆ ಕಾಗದದಷ್ಟು ತೆಳ್ಳಗಾಗಿ, ಬಾನೆಟ್ಟಿನ ಒಳಮೈಯ ಗೀರುಗಳನ್ನೆಲ್ಲ ಅಚ್ಚೊತ್ತಿಸಿಕೊಂಡಿತ್ತು. ಅತ್ತೆ ಅದನ್ನು ಉಗುರಿನಿಂದ ಎಬ್ಬಿಸಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಬ್ಯಾಟರಿಯನ್ನು ನೋಡಿದರು. ಧೂಳು ಹಿಡಿದ ಎಂಜಿನ್ನಿನ ನಡುವೆ ಅದೊಂದೇ, ಹಾಳೆ ಸುತ್ತಿದ್ದ ಗುರುತು ಕೂಡ ಮಾಸದೆ ಫಳಫಳ ಹೊಳೆಯುತ್ತಿತ್ತು.

"ಹೊಸದು" ಎಂದರು.

"ನಿನ್ನೆ ಸಾಯಂಕಾಲ ಹಾಕಿದೆ."

"ನಾನು ಪರೀಕ್ಷೆಗೆ ಹೋಗಬಾರದು ಅಂತಲಾ?" ನೋವಿದೆಯಾ ಎಂದು ರೋಗಿಯನ್ನು ಕೇಳುವ ದನಿಯಲ್ಲೇ ಕೇಳಿದರು. ಅದರಲ್ಲಿ ಸಿಟ್ಟೇನೂ ಇರಲಿಲ್ಲ. ಅದೇ ಅಳಿಯನಿಗೆ ಕಷ್ಟವಾದದ್ದು.

ಅಲ್ಲ ಎಂದ. ಹಾಗಾದರೆ ಮತ್ಯಾಕೆ ಎಂದರು. ಅವನ ಬಳಿ ಇದ್ದ ಒಂದೇ ಒಂದು ಸಮರ್ಥನೆ, ಆರೋಪಕ್ಕಿಂತ ಹೆಚ್ಚು ಅವಮಾನಕರವಾದದ್ದು. ಬೇರೆ ಏನಾದರೂ ಹೊಳೆಯಬಹುದೇ ಎಂದು ಬಟ್ಟೆಯಿಂದ ಕೈ ಒರೆಸುತ್ತಾ ಕಾದ. ಹೊಳೆಯಲಿಲ್ಲ.

"ನೀವು ಆ ದಿಬ್ಬದ ಮೇಲೆ ಗಾಡಿ ಆಫ್ ಮಾಡ್ಕೋತೀರಿ. ಹೋದ ಸಲ ಏಳು ಸಲ ಆಫ್ ಆಯ್ತು. ಹಳೇ ಬ್ಯಾಟರಿ ಈಗೀಗ ನಾಲ್ಕು ಸಲಕ್ಕಿಂತ ಹೆಚ್ಚು ಸ್ಟಾರ್ಟ್ ಕೊಡಲ್ಲ. ಇವತ್ತೂ ಹಾಗೇ ಆದ್ರೆ ಅಲ್ಲೇ ನಿಂತುಬಿಡುತ್ತಲ್ಲ, ಎಷ್ಟು ಸಲ ಆದ್ರೂ ತಡೀಲಿ ಅಂತ ಸ್ವಲ್ಪ ದೊಡ್ಡದು ತಂದೆ."

"ಆರು ಸಲ" ಎಂದರು ಅತ್ತೆ. "ಏಳಲ್ಲ."

ಅಂಗಡಿಯವನು ಈ ಕಾರಿಗೆ ಇದೇ ಎಂದು ಕೊಟ್ಟನೇ ಎಂದು ವಿಚಾರಿಸಿದರು. ಇಲ್ಲ, ಅಂಗಡಿಯವನು ಸರಿಯಾದದ್ದನ್ನೇ ತೆಗೆದಿಟ್ಟಿದ್ದ. ಒಂದು ಸೈಜ್ ದೊಡ್ಡದು ಕೊಡಿ ಎಂದು ಕೇಳಿದವನು ಅಳಿಯ. ಅವನು ಮಕ್ಕಳ ಚಪ್ಪಲಿ-ಬೂಟಿನ ಅಂಗಡಿಯ ಮ್ಯಾನೇಜರು. ಒಂದು ಸೈಜ್ ದೊಡ್ಡದೇ ತಗೊಳ್ಳಿ, ಬೆಳೆಯೋ ಕಾಲು ಎಂದು ಇಪ್ಪತ್ತೆರಡು ವರ್ಷದಿಂದ ತಂದೆತಾಯಿಯರಿಗೆ ಹೇಳಿ ಹೇಳಿ, ಆ ಮಾತು ಅವನ ಮೈಗೇ ಹತ್ತಿಹೋಗಿತ್ತು. ಮನೆಯ ಪಾತ್ರೆ, ಪರದೆ, ತನ್ನ ಪ್ಯಾಂಟು ಎಲ್ಲವೂ ಇನ್ನು ಬೆಳೆಯಲಿರುವವರ ಅಳತೆಗೇ ಇದ್ದವು.

"ಕಾರು ಬೆಳೆಯಲ್ಲ" ಎಂದರು ಅತ್ತೆ. ಅವನ ಮಾತನ್ನು ನಂಬಿದರೋ ಇಲ್ಲವೋ ಹೇಳಲಿಲ್ಲ. ಹಳೆಯ ಬ್ಯಾಟರಿ ಎಲ್ಲಿ ಎಂದರು.

ಅದು ಮೀಟರ್ ಪೆಟ್ಟಿಗೆಯ ಕೆಳಗೆ ಗೋಣಿಚೀಲ ಹೊದ್ದು ಕೂತಿತ್ತು. ಬ್ಯಾಟರಿ ಅಂಗಡಿ ಊರಿನ ಆಚೆ ತುದಿಯಲ್ಲಿ; ಹೋಗಿ ಬದಲಾಯಿಸಿಕೊಂಡು ಬರುವಷ್ಟು ಹೊತ್ತಿರಲಿಲ್ಲ. ಹೊಸದನ್ನು ಇಳಿಸಿ, ಹಳೆಯದನ್ನು ಕೂರಿಸಿ, ಬೆಳಿಗ್ಗೆಯಿಂದ ಕೆಡಿಸಿದ ಕೊಂಡಿಯನ್ನು ಹಳೆಯ ತುಕ್ಕಿನ ಗೆರೆ ನೋಡಿಕೊಂಡು ಮೊದಲಿನ ಜಾಗಕ್ಕೆ ತಂದು ಬಿಗಿದ. ಬಾನೆಟ್ಟನ್ನು ಇಳಿಸಿ ಎರಡು ಬೆರಳು ಒತ್ತಿದ್ದಷ್ಟೆ. ಟಕ್ ಎಂದು ಕೂತಿತು. ಕೀಲಿ ತಿರುಗಿಸಿದಾಗ ಎಂಜಿನ್ ಮುಲುಗಿ, ಯೋಚಿಸಿ, ಶುರುವಾಯಿತು.

"ನಾಲ್ಕು ಸಲ ಅಂದ್ರಲ್ಲ?" ಅತ್ತೆ ಕೇಳಿದರು.

"ಈಗ ಒಂದು ಆಯ್ತು."

"ಮೂರು" ಎಂದು ಅತ್ತೆ ಬಟ್ಟೆ ಬದಲಾಯಿಸಲು ಮೇಲೆ ಹೋದರು.

ಮನೆಯಿಂದ ಹೊರಡುವಾಗ ಎರಡನೆಯದೂ ಖರ್ಚಾಯಿತು; ಆಮೇಲೆ ಎಂಜಿನ್ನನ್ನು ಆರಿಸಲೇ ಇಲ್ಲ. ಪರೀಕ್ಷೆಯ ಮೈದಾನದಲ್ಲಿ ಅಳಿಯ ತಂತಿಬೇಲಿಯ ಹೊರಗೆ, ಬೇರೆಯವರ ಗಂಡಂದಿರು, ಅಕ್ಕಂದಿರು, ಅಪ್ಪಂದಿರ ಜೊತೆ ನಿಂತ. ಪರೀಕ್ಷಕರು ಕಾರಿಗೆ ಒಂದು ಸುತ್ತು ಹಾಕಿ, ಬಾನೆಟ್ಟನ್ನು ಎತ್ತಿ ನೋಡಿ, ಇಳಿಸಿ, ಅಂಗೈಯಿಂದ ಒಮ್ಮೆ ತಟ್ಟಿ ಒಳಗೆ ಕೂತರು. ದಿಬ್ಬದ ಬುಡದಲ್ಲಿ ಎಂಜಿನ್ ಒಮ್ಮೆ ನಿಂತಿತು. ಅಳಿಯ ಬೇಲಿಯ ತಂತಿ ಹಿಡಿದುಕೊಂಡ. ಮುಲುಕು ಕೇಳಿಸಿತು; ಶುರುವಾಯಿತು. ದಿಬ್ಬದ ನಡುವೆ ಇನ್ನೊಮ್ಮೆ ನಿಂತಿತು. ಈ ಸಲದ ಮುಲುಕು ಎಷ್ಟು ಉದ್ದವಿತ್ತೆಂದರೆ ಪಕ್ಕದ ಅಪರಿಚಿತರು ಇವನ ಬೆನ್ನ ಮೇಲೆ ಕೈಯಿಟ್ಟರು. ಶುರುವಾಯಿತು. ಅಲ್ಲಿಂದಾಚೆ ಅತ್ತೆ, ಬೇರೆ ದಾರಿಯಿಲ್ಲವೆಂದು ಗೊತ್ತಿದ್ದವರ ಹಾಗೆ, ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟು ಕೂದಲೆಳೆಯಷ್ಟು ಹಿಡಿದು ದಿಬ್ಬದ ನೆತ್ತಿ ಮುಟ್ಟಿದರು. ಪಾಸಾದರು.

ವಾಪಸ್ ಬರುವಾಗ ಅತ್ತೆಯೇ ಓಡಿಸಿದರು. ಬ್ಯಾಟರಿ ಅಂಗಡಿಯ ದಾರಿಯಲ್ಲಿ ಹೆಂಡತಿಯ ಫೋನ್ ಬಂತು. ಫಲಿತಾಂಶ ಕೇಳಿ, ಒಳ್ಳೆಯದಾಯಿತು ಎಂದು, ಮರುಉಸಿರಿಗೆ ಬಾನೆಟ್ಟಿಗೆ ಏನಾಗಿತ್ತು ಎಂದು ವಿಚಾರಿಸಿದಳು. ಅಳಿಯ ಪಕ್ಕಕ್ಕೆ ನೋಡಿದ. "ಹೇಳಿ. ಪೂರ್ತಿ ಹೇಳಿ" ಎಂದರು ಅತ್ತೆ, ರಸ್ತೆಯಿಂದ ಕಣ್ಣು ತೆಗೆಯದೆ.

ಪೂರ್ತಿ ಹೇಳಿದ. ಸೈಜನ್ನು ಹೇಳಿದ, ಮೇಣವನ್ನು ಹೇಳಿದ, ಏಳು ಸಲ ಎಂದುಕೊಂಡದ್ದನ್ನೂ ಅದು ಆರಾಗಿದ್ದನ್ನೂ ಹೇಳಿದ. ಆ ಕಡೆಯಿಂದ ನಗು ಬಂತು. ಒಬ್ಬರದಲ್ಲ, ನಾಲ್ಕೈದು ಜನರದು. ಆಫೀಸಿನಲ್ಲಿ ಫೋನನ್ನು ಸ್ಪೀಕರಿಗೆ ಹಾಕಿದ್ದಳು. ಅಳಿಯ ಫೋನನ್ನು ಕಿವಿಯಿಂದ ದೂರ ಹಿಡಿದ.

ನಾಲ್ಕು ರಸ್ತೆ ಕೂಡುವಲ್ಲಿ ಅತ್ತೆ ಕಾರು ನಿಧಾನ ಮಾಡಿದರು.

"ಎಡಗಡೆ ಯಾರಾದರೂ ಬರ್ತಿದ್ದಾರಾ?"

ಅಳಿಯ ಕತ್ತು ಚಾಚಿ ನೋಡಿ, ಯಾರೂ ಇಲ್ಲ ಎಂದ. ಅತ್ತೆ ಆ ಕಡೆ ತಿರುಗಿಯೂ ನೋಡದೆ ಎಡಕ್ಕೆ ತಿರುಗಿಸಿದರು. ಪರೀಕ್ಷಕರು ಕಂಡಿದ್ದರೆ ಕೊಟ್ಟ ಲೈಸೆನ್ಸನ್ನು ಅಲ್ಲೇ ಕಿತ್ತುಕೊಳ್ಳುತ್ತಿದ್ದರು.