ಅಕ್ಕನ ಐದನೇ ಬದಲಾವಣೆ

ಮನೆಯವರೇ ಗಿರಾಕಿಗಳಾದರೆ ದೇವರೇ ಕಾಪಾಡಬೇಕು. ಹೊರಗಿನವರಾದರೆ ಕೇಕು ಒಂದು ಸಲ ಹೇಳುತ್ತಾರೆ, ಹೊತ್ತಿಗೆ ಸರಿಯಾಗಿ ಬಂದು ಒಯ್ಯುತ್ತಾರೆ, ತಿಂದು ಚೆನ್ನಾಗಿತ್ತು ಅನ್ನುತ್ತಾರೆ. ಮನೆಯವರು ಹಾಗಲ್ಲ. ಅವರು ಹೇಳಿ ಮುಗಿಸುವುದೇ ಇಲ್ಲ, ಹೇಳುತ್ತಲೇ ಇರುತ್ತಾರೆ.

ನಮ್ಮ ಡ್ರೈವರ್‌ಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು, ಸುಮ್ಮನೆ ಕೂತರೆ ಮಂಡಿ ಹಿಡಿದುಕೊಳ್ಳುತ್ತದೆಂದು ಮನೆಯಲ್ಲೇ ಕೇಕು ಮಾಡಲು ಶುರು ಮಾಡಿದ. ಈಗಲೂ ಎಲ್ಲರಿಗೂ ಅವನು ಡ್ರೈವರೇ. ಹೆಂಡತಿ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಾಳೆ. ಅಡುಗೆಮನೆಯ ಬಾಗಿಲಿಗೆ ಅವನು ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದಾನೆ: ‘ಹಿಂದಿನ ದಿನ ಮಧ್ಯಾಹ್ನ ಹನ್ನೆರಡರ ನಂತರ ಯಾವ ಬದಲಾವಣೆಯೂ ಇಲ್ಲ.’ ಅದರ ಮೇಲೂ ಯಾರಾದರೂ ಬಾಯಿ ಬಿಟ್ಟರೆ ಒಂದೇ ಉತ್ತರ, “ಗಾಡಿ ಬಿಟ್ಟಾಗಿದೆ.” ಈ ಮಾತಿಗೆ ಎದುರಾಡಿದ ಗಿರಾಕಿ ಇದುವರೆಗೆ ಒಬ್ಬರೂ ಇಲ್ಲ. ಅಕ್ಕನನ್ನು ಬಿಟ್ಟರೆ.

ಆ ಭಾನುವಾರ ಅಕ್ಕನಿಗೆ ಅರವತ್ತೈದು ತುಂಬುತ್ತಿತ್ತು. ಸಂಜೆ ಐದಕ್ಕೆ ಅವಳ ಮನೆಯಲ್ಲಿ ಮೂವತ್ತು ಜನ ಸೇರುವುದೆಂದಾಗಿತ್ತು. ಸೋಮವಾರವೇ ಫೋನ್ ಮಾಡಿ ಚಾಕಲೇಟ್ ಕೇಕು ಹೇಳಿದ್ದಳು. “ಹಿಟ್ಟಿಗೆ ಬಾದಾಮಿ ಪುಡಿ ಹಾಕು, ಮೇಲೂ ಬಾದಾಮಿ ಚೂರು ಹಾಕು. ಜಿಪುಣತನ ಮಾಡ್ಬೇಡ ನೋಡು,” ಎಂದಿದ್ದಳು. ಸರಿ, ಡ್ರೈವರ್ ಬರೆದುಕೊಂಡ.

ಶುಕ್ರವಾರ ಒಂದಂತಸ್ತು ಸಾಲದು, ಎರಡು ಬೇಕು ಎಂದಳು. ಹೋಗಲಿ, ಇನ್ನೂ ಹೊತ್ತಿತ್ತು. ಶನಿವಾರ ಸಂಜೆ ನಾಲ್ಕಕ್ಕೆ ಗುಲಾಬಿ ಬಣ್ಣದ ಕ್ರೀಮ್ ಬೇಡ, ಬಿಳಿಯೇ ಇರಲಿ ಎಂದಳು. “ಅಕ್ಕಾ, ಗಾಡಿ ಬಿಟ್ಟಾಗಿದೆ,” ಅಂದ ಡ್ರೈವರ್. “ಬಿಟ್ಟಿದ್ರೆ ನಿಲ್ಸು. ಅಕ್ಕ ಕೈ ಅಡ್ಡ ಹಾಕಿದಾಳೆ ಅಂದ್ಕೋ,” ಅಂದಳು. ಅವನಿಗೆ ನಡೆಯಲು ಕಲಿಸಿದವಳ ಮುಂದೆ ಅವನ ರಟ್ಟು ಏನು ಮಾಡೀತು? ಗುಲಾಬಿ ಕ್ರೀಮನ್ನು ಡಬ್ಬಿಗೆ ಸುರಿದು ಬಿಳಿಯದನ್ನು ಹೊಸದಾಗಿ ಕಡೆದ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಮೂರನೇ ಬದಲಾವಣೆ ಬಂತು. ಕೇಕಿನ ಮೇಲೆ ಅರವತ್ತೈದು ಅಂತ ಬರೆಯಕೂಡದಂತೆ. “ನನ್ನ ವಯಸ್ಸನ್ನ ಎಲ್ಲರ ಬಾಯಿಗೂ ಯಾಕೋ ಹಾಕ್ತೀಯ?” ಎಂದು ಅವಳು ಫೋನ್ ಇಡುವಷ್ಟರಲ್ಲಿ ಭಾವ ಕದ್ದು ಫೋನ್ ಮಾಡಿ, “ಬರೀಬೇಕು ಮಾರಾಯ, ದೊಡ್ಡದಾಗಿ ಬರಿ, ನಾನು ಹೇಳಿದ್ದು ಅಂತ ಮಾತ್ರ ಹೇಳ್ಬೇಡ,” ಎಂದು ಪಿಸುಗುಟ್ಟಿದರು. ಡ್ರೈವರ್ ಇಬ್ಬರಿಗೂ ಹೂಂ ಅಂದ. ಗಂಡ ಹೆಂಡಿರ ನಡುವೆ ತಲೆ ಹಾಕಿದವನು ತಲೆ ಉಳಿಸಿಕೊಂಡದ್ದುಂಟೇ?

ಹತ್ತು ಗಂಟೆಗೆ ತಂಗಿಯ ಫೋನು. ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಅಪ್ಪ ಅಮ್ಮ ಹೋದ ಮೇಲೆ ಆ ಮನೆತನದಲ್ಲಿ ಉಳಿದವರು ಮೂವರು: ಅಕ್ಕ, ಡ್ರೈವರ್, ಅಕ್ಕನಿಗಿಂತ ಒಂಬತ್ತು ವರ್ಷ ಚಿಕ್ಕವಳಾದ ಈ ತಂಗಿ. ನಾಲ್ಕು ವರ್ಷದ ಹಿಂದೆ ತಂಗಿ ಒಂದು ಪುಟ್ಟ ಮನೆ ಕೊಂಡಳು. ಖುಷಿಯಿಂದ ಎಲ್ಲರನ್ನೂ ಕರೆದು ತೋರಿಸಿದಳು. ಅಕ್ಕ ಅಡುಗೆಮನೆಗೆ ಇಣುಕಿ, ಎಲ್ಲರ ಎದುರಿಗೆ, “ಇಲ್ಲಿಗೆ ಇಲಿ ಬಂದ್ರೂ ತಿರುಗಿ ಹೋಗೋಕೆ ಜಾಗ ಇಲ್ವಲ್ಲೇ!” ಅಂದಳು. ಎಲ್ಲರೂ ನಕ್ಕರು, ತಂಗಿ ನಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಇಬ್ಬರೂ ಮುಖ ಕೊಟ್ಟು ಮಾತಾಡಿದ್ದಿಲ್ಲ, ಒಬ್ಬರ ಮನೆಗೊಬ್ಬರು ಕಾಲಿಟ್ಟದ್ದಿಲ್ಲ. ಒಂದು ಸಣ್ಣ ಮಾತಿಗೆ ಇಷ್ಟು ದೊಡ್ಡ ಮುನಿಸೇ ಎಂದರೆ, ಅದು ಅವರ ರಕ್ತದಲ್ಲೇ ಇದೆ, ಏನು ಮಾಡುವುದು! ಇಬ್ಬರ ನಡುವೆ ಸಿಕ್ಕಿಬಿದ್ದವನು ಡ್ರೈವರ್. ಸಾಯುವುದರೊಳಗೆ ಅವರಿಬ್ಬರೂ ಒಂದು ಕೋಣೆಯಲ್ಲಿ ಕೂತು ನಗುವುದನ್ನು ಇನ್ನೊಂದು ಸಲ ನೋಡಬೇಕು ಎಂಬುದೊಂದೇ ಅವನ ಆಸೆ. ಬಾಯಿ ಬಿಟ್ಟು ಹೇಳಿದರೆ ಇಬ್ಬರೂ ಅವನ ಮೇಲೇ ಬೀಳುತ್ತಾರೆಂದು ಸುಮ್ಮನಿದ್ದ.

“ಅಣ್ಣಾ, ಇವತ್ತು ಕೇಕು ಮಾಡ್ತಿದ್ದೀಯಂತೆ,” ಅಂದಳು ತಂಗಿ.

“ದಿನಾ ಮಾಡ್ತೀನಿ. ಯಾವ ಕೇಕು?”

“ಅದೇ… ಅವಳದ್ದು. ಕ್ರೀಮ್ ಕಮ್ಮಿ ಹಾಕು. ಅವಳಿಗೆ ಎದೆಯುರಿ ಬರತ್ತೆ. ಆಮೇಲೆ ರಾತ್ರಿಯೆಲ್ಲಾ ಎದ್ದು ಕೂತ್ಕೊಳ್ತಾಳೆ.”

“ಅದನ್ನ ಅವಳಿಗೇ ಹೇಳೇ.”

“ನಾನ್ಯಾಕೆ ಹೇಳ್ಲಿ? ನನ್ನನ್ನೇನು ಕರೆದಿದ್ದಾಳಾ?” ಎಂದು ತಂಗಿ ಫೋನ್ ಕುಕ್ಕಿದಳು.

ಡ್ರೈವರ್ ಮೇಲಂತಸ್ತಿನ ಕ್ರೀಮನ್ನು ಚಾಕುವಿನಿಂದ ಹೆರೆದು ತೆಳ್ಳಗೆ ಮಾಡಿದ. ಬಾದಾಮಿ ಚೂರು, ಸಕ್ಕರೆಯಲ್ಲಿ ಮಾಡಿದ ಚಿಟ್ಟೆಗಳನ್ನು ಅಂಟಿಸಿದ. ಹನ್ನೆರಡೂವರೆಗೆ ಅಕ್ಕನ ನಾಲ್ಕನೇ ಬದಲಾವಣೆ ಬಂತು: ಸಕ್ಕರೆ ಚಿಟ್ಟೆಗಳು ಬೇಡ, ಹೂವಿರಲಿ. ಆಗ ಮಾತ್ರ ಅವನ ಸಹನೆಯ ಕಟ್ಟೆ ಒಡೆಯಿತು.

“ಏನಕ್ಕಾ ನಿಮ್ಮ ಕಾಟ! ನೀನೊಂದು ಹೇಳ್ತೀಯ, ಅವಳೊಂದು ಹೇಳ್ತಾಳೆ! ಕ್ರೀಮ್ ಕಮ್ಮಿ ಹಾಕು, ನಿಂಗೆ ಎದೆಯುರಿ ಅಂತ ಅವಳು. ಚಿಟ್ಟೆ ತೆಗಿ ಅಂತ ನೀನು. ನಾನೇನು ಮನುಷ್ಯನೋ, ನಿಮ್ಮ ಮನೆ ಮಿಕ್ಸಿಯೋ?”

“ಅವಳು ಫೋನ್ ಮಾಡಿದ್ಲಾ?” ಎಂದಳು ಅಕ್ಕ. ಅವನು ಹೂಂ ಅನ್ನುವಷ್ಟರಲ್ಲಿ ಫೋನ್ ಇಟ್ಟಾಗಿತ್ತು. ಚಿಟ್ಟೆಯ ಸಂಗತಿ ಏನಾಯಿತೆಂದು ಅವಳೂ ಕೇಳಲಿಲ್ಲ, ಇವನೂ ಕೇಳಲಿಲ್ಲ.

ಒಂದೂವರೆಗೆ ಕೇಕು ಸಿದ್ಧವಾಗಿ ಮೇಜಿನ ಮೇಲೆ ನಿಂತಿತ್ತು. ಎರಡಂತಸ್ತು, ಬೆಳ್ಳಗೆ, ಬಾದಾಮಿಯ ಅಂಚು. ಡ್ರೈವರ್ ಕೈ ಒರೆಸಿಕೊಂಡು ಅದರ ಸುತ್ತ ಒಂದು ಸುತ್ತು ಬಂದ. ಆಗ ಮತ್ತೆ ಫೋನು.

“ಬಾದಾಮಿ ಹಾಕಿದ್ದೀಯಾ?” ಅಕ್ಕ.

“ಹಾಕಿದ್ದೀನಾ? ಒಳಗೂ ಹಾಕಿದ್ದೀನಿ, ಹೊರಗೂ ಹಾಕಿದ್ದೀನಿ. ನೀನೇ ಹೇಳಿದ್ದಲ್ವಾ, ಜಿಪುಣತನ ಮಾಡ್ಬೇಡ ಅಂತ?”

“ಬಾದಾಮಿ ಬೇಡ.”

“ಏನು?”

“ಬೇಡ ಅಂದ್ನಲ್ಲ. ಒಂದು ಚೂರೂ ಇರಬಾರ್ದು.”

ಡ್ರೈವರ್‌ಗೆ ತಲೆ ಕೆಟ್ಟುಹೋಯಿತು. “ಅಕ್ಕಾ, ನಿಂಗೆ ಹುಚ್ಚಾ? ಮೂರೂವರೆ ಗಂಟೆ ಉಳಿದಿದೆ! ಬಾದಾಮಿ ಹಿಟ್ಟಲ್ಲಿ ಬೆಂದು ಕೂತಿದೆ, ಕಡ್ಡಿ ಹಾಕಿ ಕೆರೆದು ತೆಗೀಲಾ?”

“ಬಂದೋರಲ್ಲಿ ಯಾರಿಗಾದ್ರೂ ಆಗದೆ ಇರಬಹುದು.”

“ಯಾರಿಗೆ? ಮೂವತ್ತು ಜನರಲ್ಲಿ ಯಾರಿಗೆ ಹೇಳು ನೋಡೋಣ!”

“ದೊಡ್ಡೋಳು ಹೇಳಿದ್ರೆ ಹೇಳಿದಷ್ಟು ಮಾಡೋ,” ಅಂದಳು. ಫೋನ್ ಇಟ್ಟಳು.

ಡ್ರೈವರ್ ಫೋನನ್ನು ಹಿಟ್ಟಿನ ಡಬ್ಬಿಯ ಮೇಲೆ ಎಸೆದ. “ಆಗಲ್ಲ! ಸತ್ತರೂ ಆಗಲ್ಲ! ಇದನ್ನೇ ಒಯ್ಯೋದು, ಬೇಕಾದ್ರೆ ತಿನ್ಲಿ, ಬೇಡದಿದ್ರೆ ನೋಡ್ಕೊಂಡು ಕೂತಿರ್ಲಿ!” ಎಂದು ಕೂಗಾಡುತ್ತ ಪೆಟ್ಟಿಗೆ ಮಡಚತೊಡಗಿದ. ಬಟ್ಟಲು ತೊಳೆಯುತ್ತಿದ್ದ ಹೆಂಡತಿ ತಿರುಗಿಯೂ ನೋಡದೆ ಕೇಳಿದಳು, “ಅಲ್ಲಾ ರೀ, ಬಾದಾಮಿ ಆಗದೆ ಇರೋರು ನಿಮ್ಮ ಕಡೆ ಯಾರಿದ್ದಾರೆ?”

“ಯಾರೂ ಇ—” ಎಂದವನ ಬಾಯಿ ಹಾಗೇ ನಿಂತಿತು.

ಒಬ್ಬಳಿದ್ದಾಳೆ. ತಂಗಿಗೆ ಆಗ ನಾಲ್ಕು ವರ್ಷ. ಯಾರೋ ಕೊಟ್ಟ ಬಾದಾಮಿ ಬಿಸ್ಕತ್ತು ತಿಂದು ತುಟಿ, ಕಣ್ಣು ಎಲ್ಲ ಊದಿಕೊಂಡು ಉಸಿರಿಗೆ ಒದ್ದಾಡಿದ್ದಳು. ಅಪ್ಪ ಅಮ್ಮ ಮನೆಯಲ್ಲಿರಲಿಲ್ಲ. ಹದಿಮೂರರ ಅಕ್ಕ ಅವಳನ್ನು ಸೊಂಟಕ್ಕೆ ಎತ್ತಿಕೊಂಡು, ಕಾಲಿಗೆ ಚಪ್ಪಲಿಯೂ ಇಲ್ಲದೆ, ಡಾಕ್ಟರ ಶಾಪಿನವರೆಗೂ ಓಡಿದ್ದಳು. ಹಿಂದೆ ಅಳುತ್ತ ಓಡಿದವನು ಡ್ರೈವರ್. ಅಂದಿನಿಂದ ಮದುವೆಯಾಗಿ ಹೋಗುವ ತನಕ ಅಕ್ಕ ಆ ಮನೆಯೊಳಗೆ ಬಾದಾಮಿ ಸೇರಿಸಿರಲಿಲ್ಲ.

ಡ್ರೈವರ್ ಕುರ್ಚಿಯ ಮೇಲೆ ಕುಸಿದ. “ಅಯ್ಯೋ, ನನ್ನ ದಡ್ಡ ತಲೆಗಿಷ್ಟು!” ಎಂದು ಹಣೆ ಚಚ್ಚಿಕೊಂಡ. ತಕ್ಷಣ ಅಕ್ಕನಿಗೆ ಫೋನ್ ಮಾಡಿದ. “ಅಕ್ಕಾ, ಒಂದು ಮಾತು ಕೇಳ್ತೀನಿ—”

“ಕೇಳ್ಬೇಡ,” ಅಂದಳು ಅಕ್ಕ. ಫೋನ್ ಕಟ್ಟಾಯಿತು.

ಅಂದರೆ ಅಕ್ಕ ತಂಗಿಯನ್ನು ಕರೆದಿಲ್ಲ. ಬರಲಿ ಅಂತ ಆಸೆಯಿದೆ, ಬಾ ಅನ್ನಲು ಬಾಯಿ ಬರುತ್ತಿಲ್ಲ. ತಂಗಿ ಬಾರದಿದ್ದರೆ ಇವತ್ತು ಸಂಜೆಯೆಲ್ಲ ಬಾಗಿಲು ನೋಡುತ್ತ ಕೂರುತ್ತಾಳೆ, ಆಮೇಲೆ ಜನ್ಮದಲ್ಲಿ ಇನ್ನೊಂದು ಸಲ ಆಸೆಪಡುವವಳಲ್ಲ. ‘ಅಕ್ಕ ಕರೀತಿದ್ದಾಳೆ’ ಎಂದು ತಾನು ಹೇಳಿದರೆ ಅಕ್ಕನ ಮಾನ ಹೋಗುತ್ತದೆ, ತಂಗಿಯೂ ನಂಬುವುದಿಲ್ಲ. ಆದರೆ ಆರ್ಡರ್ ಬದಲಾದದ್ದನ್ನು ಹೇಳುವುದಕ್ಕೇನು ಅಡ್ಡಿ? ಅದು ಕೆಲಸದ ಮಾತು.

ತಂಗಿಗೆ ಫೋನ್ ಮಾಡಿದ. “ಏನಿಲ್ಲ, ಅಕ್ಕ ಆರ್ಡರ್ ಬದಲಾಯಿಸಿದ್ಲು. ಸುಮ್ನೆ ಹೇಳೋಣ ಅಂತ ಮಾಡ್ದೆ.”

“ನಂಗ್ಯಾಕೆ ಹೇಳ್ತೀಯ? ಏನಂತೆ?”

“ಬಾದಾಮಿ ಬೇಡವಂತೆ. ಒಂದು ಚೂರೂ ಇರಬಾರದಂತೆ.”

ತಂಗಿಯ ಮನೆಯಲ್ಲಿ ನಲ್ಲಿಯ ನೀರು ಸುರಿಯುವ ಸದ್ದು ಕೇಳಿಸುತ್ತಿತ್ತು. ಯಾರೋ ಅದನ್ನು ನಿಲ್ಲಿಸಿದರು.

“ಅಣ್ಣಾ,” ಅಂದಳು ತಂಗಿ, ಮೂಗು ಒರೆಸಿಕೊಂಡ ದನಿಯಲ್ಲಿ, “ಹಾಗಾದ್ರೆ ಚಾಕಲೇಟೂ ಬೇಡ. ಕಿತ್ತಳೆ ಸಿಪ್ಪೆ ತುರಿದು ಹಾಕು. ಅವಳಿಗೆ ಅದೇ ಇಷ್ಟ. ಬಂದೋರಿಗೋಸ್ಕರ ಚಾಕಲೇಟ್ ಅಂದಿರ್ತಾಳೆ.”

“ಬರ್ತೀಯೇನೇ?”

“ಮೊದ್ಲು ಕೇಕು ನೋಡ್ಕೋ ಹೋಗು,” ಎಂದು ಇಟ್ಟುಬಿಟ್ಟಳು.

ಆಮೇಲೆ ಆ ಅಡುಗೆಮನೆಯಲ್ಲಿ ನಡೆದದ್ದು ಯುದ್ಧ. ಬಾದಾಮಿ ಕೇಕು ಮೊದಲು ಮನೆಯಿಂದ ಹೊರಗೆ ಹೋಗಬೇಕಿತ್ತು. ಹೆಂಡತಿ ಅದನ್ನು ಎತ್ತಿಕೊಂಡು ಹೋಗಿ ಕೆಳಗಿನ ದರ್ಜಿಯ ಕೈಗೆ ಕೊಟ್ಟಳು. “ಯಾರ ಹುಟ್ಟಿದಹಬ್ಬ?” ಎಂದು ಅವನು ಕಕ್ಕಾಬಿಕ್ಕಿಯಾದ. “ನಿಮ್ದೇ ಅಂದ್ಕೊಳ್ಳಿ,” ಎಂದು ಮೆಟ್ಟಿಲು ಹತ್ತಿ ಬಂದಳು. ಮೇಜನ್ನು ಸೋಪು ಹಾಕಿ ಮೂರು ಸಲ ಉಜ್ಜಿದಳು. “ಆ ಜರಡಿ ಮುಟ್ಬೇಡಿ, ತೂತುಗಳಲ್ಲೆಲ್ಲ ಪುಡಿ ಕೂತಿರತ್ತೆ,” ಎಂದು ಹಳೆಯ ಜರಡಿ, ಕುಂಚ, ಮರದ ಸೌಟು ಎಲ್ಲವನ್ನೂ ಹೊರಗಿಟ್ಟಳು. ಡ್ರೈವರ್ ಅಂಗಿ ಬದಲಿಸಿ, ಮೊಣಕೈ ತನಕ ತೊಳೆದು, ಮೈದಾಹಿಟ್ಟಿನ ಹೊಸ ಪೊಟ್ಟಣ ಒಡೆದ. ದಪ್ಪ ಕೇಕು ಬೇಯಲು, ಆರಲು ಹೊತ್ತೆಲ್ಲಿತ್ತು? ಅಗಲದ ತಟ್ಟೆಗಳಲ್ಲಿ ಹಿಟ್ಟನ್ನು ತೆಳ್ಳಗೆ ಹರಡಿ, ಹದಿಮೂರು ನಿಮಿಷಕ್ಕೊಂದರಂತೆ ನಾಲ್ಕು ಹಾಳೆ ಬೇಯಿಸಿದ. ಹೆಂಡತಿ ಫ್ಯಾನಿನ ಕೆಳಗೆ ಅವುಗಳನ್ನು ಆರಿಸಿದಳು. ಒಂದರ ಮೇಲೊಂದು ಜೋಡಿಸಿ, ನಡುವೆ ಕ್ರೀಮನ್ನು ತೆಳುವಾಗಿ ಬಳಿದರು. ಎರಡಂತಸ್ತು ಹೋಯಿತು, ಹೂವೂ ಹೋಯಿತು, ಚಿಟ್ಟೆಯೂ ಹೋಯಿತು. ಅರವತ್ತೈದು ಬರೆಯಲು ಹೊತ್ತಿಲ್ಲದೆ ಭಾವನ ಮಾತೂ ಹೋಯಿತು. ಮನೆಯ ತುಂಬ ಕಿತ್ತಳೆಯ ಪರಿಮಳ ಮಾತ್ರ ಉಳಿಯಿತು.

ಐದಕ್ಕೆ ಐದು ನಿಮಿಷವಿರುವಾಗ ಕೇಕು ಅಕ್ಕನ ಮನೆಯ ಮೇಜಿನ ಮೇಲಿತ್ತು. ಮೂವತ್ತು ಜನವೂ ಬಂದರು. ಅಕ್ಕ ಹೊಸ ಸೀರೆಯುಟ್ಟು ನಗುತ್ತಿದ್ದಳು, ಆದರೆ ಕಣ್ಣು ಬಾಗಿಲಲ್ಲಿತ್ತು. ಐದೂಕಾಲಾಯಿತು. “ಕತ್ತರಿಸೇ, ಹಸಿವಾಗ್ತಿದೆ,” ಎಂದರು ಭಾವ. “ಸ್ವಲ್ಪ ತಡೀರಿ,” ಎಂದಳು. ಐದೂವರೆ. ಮಕ್ಕಳು ಮೇಜಿನ ಸುತ್ತ ನೊಣದಂತೆ ಮುತ್ತಿದವು. ಅಕ್ಕ ಚಾಕು ಹಿಡಿದಳು, ಕೆಳಗಿಟ್ಟಳು. ಡ್ರೈವರ್‌ಗೆ ಅವಳ ಮುಖ ನೋಡಲಾಗಲಿಲ್ಲ. ಫೋನೇ ಮಾಡಬಾರದಿತ್ತು, ಇಲ್ಲದ ಆಸೆ ನಾನೇ ಹುಟ್ಟಿಸಿಕೊಂಡೆ ಎಂದು ತನ್ನನ್ನೇ ಬೈದುಕೊಂಡ.

ಬೆಲ್ಲಾಯಿತು.

ಬಾಗಿಲಲ್ಲಿ ತಂಗಿ. ಸೆರಗು ಬಿಗಿಯಾಗಿ ಹಿಡಿದುಕೊಂಡಿದ್ದಳು, ಒಳಗೆ ಕಾಲಿಡಲಿಲ್ಲ.

“ಗಂಟೆ ಎಷ್ಟೇ?” ಅಕ್ಕ ಗದರಿದಳು. “ಮೂವತ್ತು ಜನ ನಿನಗೋಸ್ಕರ ಬಾಯಿ ಒಣಗಿಸ್ಕೊಂಡು ಕೂತಿದ್ದಾರೆ!”

“ಕರೀದೆ ಬರೋಳಿಗೆ ಟೈಮ್ ಬೇರೆ ಗೊತ್ತಿರ್ಬೇಕಾ?” ತಂಗಿಯೂ ಬಿಡಲಿಲ್ಲ.

ಡ್ರೈವರ್ ಕಣ್ಣು ಮುಚ್ಚಿಕೊಂಡ. ಮುಗಿಯಿತು ಕಥೆ ಎಂದುಕೊಂಡ.

“ಬಾದಾಮಿ ಬೇಡ ಅಂದ್ನಲ್ಲೇ!” ಎಂದಳು ಅಕ್ಕ. “ಅದಕ್ಕಿಂತ ಇನ್ನು ಹೇಗೆ ಕರೀಬೇಕಿತ್ತು ನಿನ್ನ?”

ತಂಗಿ ಚಪ್ಪಲಿ ಬಿಟ್ಟಳೋ ಇಲ್ಲವೋ, ನೇರ ಮೇಜಿನ ಹತ್ತಿರ ಬಂದು ಅಕ್ಕನ ಪಕ್ಕ ನಿಂತಳು. ಅಕ್ಕ ಕೇಕು ಕತ್ತರಿಸಿ, ಮೊದಲ ತುಂಡನ್ನು ಗಂಡನಿಗೂ ಕೊಡದೆ ತಂಗಿಯ ಬಾಯಿಯ ಹತ್ತಿರ ಹಿಡಿದಳು. ಯಾರ ಮನೆಗೆ ಹೋದರೂ ಇದರಲ್ಲಿ ಏನಿದೆ, ಯಾರು ಮಾಡಿದ್ದು ಎಂದು ಹತ್ತು ಪ್ರಶ್ನೆ ಕೇಳದೆ ಒಂದು ಚಮಚ ಮುಟ್ಟದವಳು ತಂಗಿ. ಒಂದು ಚಿಟಿಕೆಯೂ ಇಲ್ಲ ಎಂದು ಹೇಳಲು ಡ್ರೈವರ್ ಬಾಯಿ ತೆರೆದ. ಅವಳು ಏನೂ ಕೇಳಲಿಲ್ಲ. ಅಕ್ಕನ ಮುಖ ನೋಡುತ್ತ ಬಾಯಿ ತೆರೆದು ತಿಂದಳು.

ನಿಧಾನವಾಗಿ ಅಗಿದು ನುಂಗಿ, ಡ್ರೈವರ್ ಕಡೆ ತಿರುಗಿದಳು. “ಅಣ್ಣಾ, ಸಕ್ಕರೆ ಒಂಚೂರು ಜಾಸ್ತಿ ಆಯ್ತು.”

ಅಕ್ಕ ಒಂದು ಚೂರು ಬಾಯಿಗೆ ಹಾಕಿಕೊಂಡಳು. “ಹೌದು ಕಣೇ. ನಾನು ಯಾವಾಗ್ಲೂ ಹೇಳ್ತೀನಿ, ಇವನ ಕೈ ದೊಡ್ಡದು.”

“ಕೆಳಗಡೆ ಸ್ವಲ್ಪ ಗಟ್ಟಿನೂ ಆಗಿದೆ, ಅಲ್ವಾ?”

“ಆಗಿದೆ, ಆಗಿದೆ. ಅವಸರ ಮಾಡಿರ್ತಾನೆ.”

ತನ್ನ ಕೇಕಿಗೆ ಯಾರಾದರೂ ಹೀಗೆ ಕೊಂಕು ತೆಗೆದರೆ ಉರಿದು ಬೀಳುವ ಡ್ರೈವರ್, ಗೋಡೆಗೆ ಒರಗಿ ನಿಂತು ಕೇಳುತ್ತಿದ್ದ. ನಾಲ್ಕು ವರ್ಷದಲ್ಲಿ ಮೊದಲ ಸಲ ಅವರಿಬ್ಬರದೂ ಒಂದೇ ಮಾತಾಗಿತ್ತು. “ಹೇಳಿ, ಹೇಳಿ, ಇನ್ನೂ ಏನೇನು ಆಗಿದೆ ಹೇಳಿ,” ಅಂದ. ಅಕ್ಕ ತಂಗಿ ಮುಖ ಮುಖ ನೋಡಿಕೊಂಡು ಗೊಳ್ಳೆಂದು ನಕ್ಕರು. ಅವನೂ ನಕ್ಕ, ನಗುತ್ತ ನಗುತ್ತಲೇ ಎಲ್ಲರ ಎದುರಿಗೆ ಅತ್ತುಬಿಟ್ಟ.