ಎಲ್ಲರೂ ಹತ್ತಿದ ಮೇಲೆ

ಇನ್ನಾಸಪ್ಪನವರು ನಡೆಯುವುದನ್ನು ಮೊದಲ ಸಲ ಕಂಡವರಿಗೆ ಅವರ ಕಾಲಡಿಯ ನೆಲವೇ ಅಲುಗಾಡುತ್ತಿದೆಯೇನೋ ಎಂಬ ಸಂಶಯ ಬರುತ್ತದೆ. ಪಾದಗಳೆರಡನ್ನೂ ಅಗಲಿಸಿ, ಮೊಣಕಾಲುಗಳನ್ನು ತುಸು ಸಡಿಲಬಿಟ್ಟು, ಹಿಡಿದುಕೊಳ್ಳಲು ಏನಾದರೂ ಸಿಕ್ಕೀತೇ ಎಂದು ಎಡಗೈಯನ್ನು ಹೆಗಲಿನೆತ್ತರಕ್ಕೆ ಎತ್ತಿಕೊಂಡು ಅವರು ಇಳಕಲ್ಲಿನ ಬಜಾರಿನಲ್ಲಿ ಬರುತ್ತಿದ್ದರೆ, ಮೂವತ್ತನಾಲ್ಕು ವರ್ಷ ಇಳಕಲ್ಲು–ಬಾದಾಮಿ ಬಸ್ಸಿನಲ್ಲಿ ಕಂಡಕ್ಟರಾಗಿ ನಿಂತ ಆ ದೇಹ ನಿವೃತ್ತಿಯ ಆದೇಶವನ್ನು ಇನ್ನೂ ಓದಿಕೊಂಡಿಲ್ಲವೆಂಬುದು ಬಲ್ಲವರಿಗೆ ತಿಳಿಯುತ್ತದೆ. ಎಲ್ಲರೂ ಹತ್ತಿದ ಮೇಲೆ ಹತ್ತುವುದು, ಎಲ್ಲರೂ ಕುಳಿತ ಮೇಲೆ ಕೂಡುವುದು, ಇದು ಅವರಿಗೆ ನೌಕರಿಯ ಕಟ್ಟಳೆಯಾಗಿ ಬಂದು ಕ್ರಮೇಣ ಸ್ವಭಾವವೇ ಆಗಿಬಿಟ್ಟಿತ್ತು. ಮದುವೆಯ ಪಂಕ್ತಿಯಲ್ಲಿಯೂ ಅವರು ಕೊನೆಯ ಎಲೆಯವರು. ಚರ್ಚಿನಲ್ಲಿ ಜಪಮಾಲೆ ಶುರುವಾಗುವ ಮುಂಚೆ ಹೆಂಗಸರ ಸಾಲಿನತ್ತ ಕೈಬೀಸಿ, "ಒಳಗ ಸರೀರಿ, ಒಳಗ ಜಾಗಾ ಐತಿ" ಎಂದು ಅವರು ಹೇಳಿದಾಗ ನಕ್ಕವರಿಗೆ ಲೆಕ್ಕವಿಲ್ಲ. ಸರಿಯದೆ ಉಳಿದವರು ಮಾತ್ರ ಒಬ್ಬರೂ ಇಲ್ಲ.

ಹುನಗುಂದದ ಮನೆಯಿಂದ ಬಾದಾಮಿಯ ಕಾಲೇಜಿಗೆ ಹನ್ನೊಂದು ವರ್ಷ ಓಡಾಡಿದ ನಾನು ಅವರ ಕಾಯಂ ಪ್ರಯಾಣಿಕ. ಮುದಗಲ್ಲಿನ ಹಳೆಯ ಕ್ರೈಸ್ತ ಮನೆತನ ಅವರದು. ಅಜ್ಜನ ಕಾಲಕ್ಕೆ ಮಗ್ಗವನ್ನರಸಿ ಇಳಕಲ್ಲಿಗೆ ಬಂದವರು. ನಿವೃತ್ತರಾದ ಮೇಲೆ ಇನ್ನಾಸಪ್ಪನವರು ತಮ್ಮ ಚರ್ಚಿನ ಉಪದೇಶಿಗಳಾದರು, ಎಂದರೆ ಭಾನುವಾರ ಮಕ್ಕಳನ್ನು ಕೂಡಿಸಿ ಪ್ರಾರ್ಥನೆ ಕಲಿಸುವವರು. ಆಗಲೂ ಮೈಮೇಲೆ ಅದೇ ಇಲಾಖೆಯ ಖಾಕಿ ಕೋಟು, ಬೇಸಿಗೆಯಲ್ಲಿಯೂ ಬಿಚ್ಚದ ಕೋಟು. ಅದರ ಒಳಜೇಬಿನಲ್ಲಿ ಬೈಬಲ್ಲು, ಹೊರಜೇಬಿನಲ್ಲಿ ಅಳುವ ಮಕ್ಕಳಿಗೆಂದು ಶೇಂಗಾ ಚಿಕ್ಕಿ.

ಅವರ ಔದಾರ್ಯವನ್ನು ನಾನು ಕಣ್ಣಾರೆ ಕಂಡ ದಿನವೊಂದಿದೆ. ಅಮೀನಗಡದ ಕುರಿಸಂತೆಯ ದಿನ, ಕಂಠಮಟ್ಟ ಕುಡಿದು ಕೆಸರಿನಲ್ಲಿ ಉರುಳಿದ್ದ ಒಬ್ಬಾತ ಬಸ್ಸು ಹತ್ತಿ, ಕಂಡಕಂಡವರ ಮೇಲೆ ವಾಲತೊಡಗಿದ. ಅವನನ್ನು ಕೆಳಗಿಳಿಸಿರೆಂದು ಜನ ಕೂಗಿದರು. ನನ್ನ ಬಿಳಿಯ ಅಂಗಿಗೂ ಕೆಸರು ತಾಗಿದ್ದರಿಂದ ನಾನೂ ದನಿಗೂಡಿಸಿದೆ. ಇನ್ನಾಸಪ್ಪನವರು ಆ ಮನುಷ್ಯನನ್ನು ತಮ್ಮ ಸೀಟಿನಲ್ಲಿ ಕೂಡಿಸಿ, ನನ್ನತ್ತ ತಿರುಗಿ, "ಇಳಸೂದು ಅಂವನ ಊರ ಬಂದಾಗರಿ ಸರ. ನಡು ದಾರ್ಯಾಗ ಇಳಸಾಕ ನಾ ಯಾಂವ?" ಎಂದರು. ಐಹೊಳೆಯ ತನಕ ನಾನು ಕಿಟಕಿಯಾಚೆ ನೋಡುತ್ತ ಕುಳಿತೆ.

ಇಂಥ ಮನುಷ್ಯ ಮನೆಯ ಹೊಸ್ತಿಲು ದಾಟಿದೊಡನೆ ಬೇರೊಬ್ಬರಾಗುತ್ತಿದ್ದರೆಂಬುದನ್ನು ನಂಬಲು ನನಗೆ ಬಹಳ ದಿನ ಹಿಡಿಯಿತು. ಐದು ವರ್ಷದ ಹಿಂದೆ ಅವರ ಒಬ್ಬಳೇ ಮಗಳು ಸ್ಟೆಲ್ಲಾ, ಬಾಗಲಕೋಟೆಯ ನವನಗರದಲ್ಲಿ ಮಾಸ್ತರಿಕೆ ಮಾಡುವ ಚೇತನಕುಮಾರನೆಂಬ ಲಿಂಗಾಯತರ ಹುಡುಗನನ್ನು ರಿಜಿಸ್ಟರ್ ಮದುವೆಯಾದಳು. ಸುದ್ದಿ ಬಂದ ದಿನ ಇನ್ನಾಸಪ್ಪನವರು ಕೂಗಾಡಲಿಲ್ಲ. "ಆಕಿ ಹೆಸರು ಈ ಮನ್ಯಾಗ ಯಾರೂ ತಗೀಬ್ಯಾಡ್ರಿ" ಎಂದು ಒಂದೇ ಮಾತು ಹೇಳಿ ಕೋಟು ತೊಟ್ಟು ಹೊರಗೆ ಹೋದರು. ಅವರ ಹೆಂಡತಿ ಮರೆವ್ವನೂ "ಆತು" ಎಂದು ಒಂದೇ ಮಾತು ಹೇಳಿ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರಂತೆ. ಅಲ್ಲಿಂದ ಮುಂದೆ ಆ ಮನೆಯಲ್ಲಿ ಆ ಹೆಸರು ಕೇಳಿಬರಲಿಲ್ಲ, ಇನ್ನಾಸಪ್ಪನವರ ಎದುರಿಗಂತೂ ಇಲ್ಲ.

ಈಗ್ಗೆ ಒಂದು ವರ್ಷದ ಹಿಂದಿನ ಮಾತು. ರೋಮಿನಲ್ಲಿ ಇಪ್ಪತ್ತೈದು ವರ್ಷಕ್ಕೊಮ್ಮೆ ಪವಿತ್ರ ದ್ವಾರವೆಂಬ ಬಾಗಿಲನ್ನು ತೆರೆಯುತ್ತಾರೆ. ಪಶ್ಚಾತ್ತಾಪದ ಮನಸ್ಸಿನಿಂದ ಅದನ್ನು ಹಾದುಹೋದವರಿಗೆ ದೇವರ ಕ್ಷಮೆಯುಂಟೆಂಬುದು ಕ್ಯಾಥೊಲಿಕ್ ಕ್ರೈಸ್ತರ ಶ್ರದ್ಧೆ. ಆ ಯಾತ್ರೆಗೆ ಇಳಕಲ್ಲು, ಹುನಗುಂದ, ಬಾಗಲಕೋಟೆಗಳ ಹನ್ನೊಂದು ಮಂದಿ ತರುಣ ತರುಣಿಯರು ಎರಡು ವರ್ಷದಿಂದ ಸಿದ್ಧರಾಗಿದ್ದರು. ಕರೆದೊಯ್ಯಬೇಕಾದ ಫಾದರ್ ಹೊರಡಲು ಕೆಲವೇ ವಾರಗಳಿವೆಯೆನ್ನುವಾಗ ಮೊಣಕಾಲು ಮುರಿದುಕೊಂಡು ಹಾಸಿಗೆ ಹಿಡಿದರು. ತಂಡದ ಜೊತೆಗೆ ಸಹಾಯಕ್ಕೆಂದು ಹೊರಟಿದ್ದ ಇನ್ನಾಸಪ್ಪನವರು ಹೀಗೆ ತಮ್ಮ ಅರವತ್ತಮೂರನೆಯ ವಯಸ್ಸಿನಲ್ಲಿ, ಒಮ್ಮೆಯೂ ವಿಮಾನ ಹತ್ತದವರು, ಅದರ ನಾಯಕರಾದರು. ಹೊರಡುವ ಮುಂಚೆ ನನ್ನನ್ನು ಕಾಣಲು ಬಂದು, ಯಾರಿಗೂ ಹೇಳದ ಹರಕೆಯನ್ನು ನನಗೆ ಹೇಳಿದರು: "ಆ ಬಾಗಲಾ ಹಾದು ಒಂದ ಬೇಡ್ಕೋತೇನ್ರಿ ಸರ. ಮಗಳಿಗೆ ಬುದ್ಧಿ ಬರಲಿ, ತಪ್ಪಾತಂತ ಹೇಳಿ ಮನಿಗೆ ಬರಲಿ." ನಾಲ್ಕು ವರ್ಷದಲ್ಲಿ ಅವರು ಮಗಳೆಂಬ ಶಬ್ದವನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ನನಗೆ ಅಯ್ಯೋ ಎನ್ನಿಸಿತು. ತಪ್ಪು ಯಾರದೆಂದು ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ವಿಮಾನದಲ್ಲಿ ಅವರು ಪಟ್ಟ ಪಾಡನ್ನು, ಪಡಿಸಿದ ಪಾಡನ್ನು ನನಗೆ ಹೇಳಿದವಳು ತಂಡದ ಗೀತಾಂಜಲಿ, ಬಾಗಲಕೋಟೆಯ ದವಾಖಾನೆಯಲ್ಲಿ ನರ್ಸಾಗಿರುವ, ಹಿಡಿದ ಮಾತು ಬಿಡದ ಹುಡುಗಿ. ನಡುವಿನ ದಾರಿಯಲ್ಲಿ ಕಾಲು ಅಗಲಿಸಿ ನಿಂತ ಇನ್ನಾಸಪ್ಪನವರನ್ನು ಕೂಡಿಸಲು ಗಗನಸಖಿಯರಿಬ್ಬರು ಸೋತರಂತೆ. "ನಮ್ಮವ್ರೆಲ್ಲಾ ಕುಂತಿಂದ ಕುಂದರ್ತೇನ್ರಿ ಅಕ್ಕಾರ" ಎಂದು ಅವರು ವಿನಯದಿಂದ ಹೇಳಿ, ಹನ್ನೊಂದು ತಲೆ ಎಣಿಸಿ, ಬಸ್ಸಿಗೆ ರೈಟ್ ಹೇಳುವವರಂತೆ ಕಿಟಕಿಯ ಬದಿಯ ಗೋಡೆಯನ್ನು ಎರಡು ಸಲ ಬಡಿದು ಆಮೇಲೆಯೇ ಕುಳಿತರು. ತುಸು ಹೊತ್ತಿಗೆ ವಿಮಾನವೂ ಹೊರಟದ್ದರಿಂದ ಹುಡುಗರಿಗೆ ನಗು ತಡೆಯಲಾಗಲಿಲ್ಲ. ರೋಮಿನ ಸುಡುಬಿಸಿಲಿನಲ್ಲಿ, ಎಲ್ಲರ ಪಾಸ್‌ಪೋರ್ಟುಗಳಿಂದ ಉಬ್ಬಿದ ಖಾಕಿ ಕೋಟಿನಲ್ಲಿ ಬೆವೆಯುತ್ತ, ಭಾಷೆ ಬಾರದ ಬೀದಿಗಳಲ್ಲಿ ಕೈಸನ್ನೆಯಿಂದಲೇ ದಾರಿ ಕೇಳುತ್ತ, ಅವರು ಒಂದು ದಿನವೂ ಒಬ್ಬರನ್ನೂ ಕಳೆದುಕೊಳ್ಳಲಿಲ್ಲ. ದೇಶದೇಶದ ತಂಡಗಳ ನಾಯಕರು ಧ್ವಜ ಹಿಡಿದು ಮುಂದೆ ನಡೆಯುತ್ತಿದ್ದರೆ, ಇಳಕಲ್ಲಿನ ತಂಡದ ನಾಯಕರು ಕಟ್ಟಕಡೆಗೆ ಇರುತ್ತಿದ್ದರು.

ಪವಿತ್ರ ದ್ವಾರಕ್ಕೆ ಹೋಗುವ ತಂಡಗಳಿಗೆ ಹೊತ್ತು ಗೊತ್ತುಮಾಡಿರುತ್ತಾರೆ. ಒಂದು ಮರದ ಶಿಲುಬೆಯನ್ನು ಕೊಟ್ಟು, ಅದನ್ನು ಮುಂದಿಟ್ಟುಕೊಂಡು ಪ್ರಾರ್ಥಿಸುತ್ತ ಬರಲು ಹೇಳುತ್ತಾರೆ. ಕನ್ನಡದ ಪ್ರಾರ್ಥನೆ ಹೇಳುತ್ತ ಹತ್ತು ಮಂದಿ ಬಾಗಿಲನ್ನು ಹಾದರು. ಹನ್ನೊಂದನೆಯವಳಾದ ಗೀತಾಂಜಲಿ ಹೊರಗೇ ನಿಂತಳು.

"ನಾ ಬರೂದಿಲ್ರಿ ಕಾಕಾ."

"ಯಾಕವ್ವಾ, ಆರಾಮಿಲ್ಲೇನು?"

"ಎರಡ ತಿಂಗಳಾತ್ರಿ, ಪ್ರವೀಣಕುಮಾರನ ಕೂಡ ರಿಜಿಸ್ಟರ್ ಲಗ್ನ ಆಗೇನಿ. ಅಂವಾ ನಮ್ಮ ಧರ್ಮದಾಂವ ಅಲ್ಲ. ಮನ್ಯಾಗ ಇನ್ನೂ ಯಾರಿಗೂ ಹೇಳಿಲ್ಲ. ಇಂಥಾಕಿ ಆ ಬಾಗಲಾ ಹ್ಯಾಂಗ ಹಾಯಲಿ?"

ಇನ್ನಾಸಪ್ಪನವರು ಒಂದು ಕ್ಷಣವೂ ತಡೆಯಲಿಲ್ಲವಂತೆ. ಬಸ್ಸಿನ ಮೆಟ್ಟಿಲಲ್ಲಿ ಅನುಮಾನಿಸುತ್ತ ನಿಂತ ಮುದುಕಿಯರಿಗೆ ಹೇಳುವ ಅದೇ ಸಲಿಗೆಯ ದನಿಯಲ್ಲಿ, "ಹುಚ್ಚಿ, ಆ ಬಾಗಲಾ ಶ್ಯಾಣ್ಯಾರ ಸಲುವಾಗಿ ತಗದಾರೇನು? ಹತ್ತಾವ್ರನ್ನ ಕಂಡಕ್ಟರ ನೀ ಯಾರಂತ ಕೇಳೂದಿಲ್ಲವ್ವಾ. ಎಲ್ಲಿಗಂತಷ್ಟ ಕೇಳ್ತಾನ. ನಡಿ" ಎಂದರು.

ಹುಡುಗಿ ಅವರ ಮುಖವನ್ನು ನೋಡಿದಳು. ಆ ಮಾತು ಬಾಯಿಂದ ಹೇಗೆ ಬಂತೋ ತನಗೇ ತಿಳಿಯದೆಂದು ಅವಳು ನನ್ನೆದುರು ಇಂದಿಗೂ ಪೇಚಾಡುತ್ತಾಳೆ. "ಹಂಗಾರ ಸ್ಟೆಲ್ಲಾಕ್ಕನ್ನ ನಡು ದಾರ್ಯಾಗ ಯಾಕ ಇಳಿಸಿದ್ರಿ?"

ಸ್ವಯಂಸೇವಕರು ಬೇಗ ಬನ್ನಿರೆಂದು ಕೈಬೀಸುತ್ತಿದ್ದರು. ಹಿಂದೆ ಇನ್ನೊಂದು ದೇಶದ ತಂಡ ಹಾಡುತ್ತ ಹತ್ತಿರ ಬಂದಿತ್ತು. ಇನ್ನಾಸಪ್ಪನವರ ಕೈ ಕೋಟಿನ ಗುಂಡಿಯನ್ನು ಹಾಕಿತು, ತೆಗೆಯಿತು, ಮತ್ತೆ ಹಾಕಿತು. ಮನಸ್ಸಿನಲ್ಲಿ ಮುನಿಸು ಕಟ್ಟಿಕೊಂಡು ದೇವರೆದುರು ನಿಲ್ಲಬಾರದೆಂದು ಭಾನುವಾರದ ಮಕ್ಕಳಿಗೆ ವರ್ಷವಿಡೀ ಹೇಳಿದ ಉಪದೇಶಿಗಳು ಅವರು. ಮುನಿಸಲ್ಲ, ಅದು ಧರ್ಮವೆಂದು ತಮಗೆ ತಾವೇ ಹೇಳಿಕೊಂಡವರೂ ಅವರೇ. ಕೊನೆಗೆ, "ನೀ ಹೋಗವ್ವಾ, ನಿನ್ನ ದಾರಿ ನೆಟ್ಟಗೈತಿ. ನಾ ಬೇಡ್ಕೊಳ್ಳಾಕ ಬಂದದ್ದ ತಪ್ಪೈತಿ" ಎಂದು ಅವಳ ಬೆನ್ನ ಮೇಲೆ ಕೈಯಿಟ್ಟು ಒಳಗೆ ಕಳಿಸಿ, ತಾವು ಸಾಲು ಬಿಟ್ಟು ಪಕ್ಕಕ್ಕೆ ಸರಿದರು. ಇಷ್ಟು ದೂರ ಬಂದವರು ಏಳೆಂಟು ಹೆಜ್ಜೆಯಾಚೆಗಿದ್ದ ಬಾಗಿಲನ್ನು ಹಾಯಲಿಲ್ಲ. ಹುಡುಗರು ತಿರುಗಿ ಬಂದಾಗ ಒಂದು ಕಂಬದ ನೆರಳಿನಲ್ಲಿ ನಿಂತು, ಯಾರನ್ನೂ ಏನೂ ಕೇಳಗೊಡದೆ, ತಲೆ ಎಣಿಸತೊಡಗಿದರು.

ಊರಿಗೆ ಮರಳಿದ ದಿನ ಬಾಗಲಕೋಟೆಯ ಸ್ಟೇಶನ್ನಿನ ಮುಂದೆ ಹೂಮಾಲೆಗಳೊಡನೆ ಇಳಕಲ್ಲಿನ ಗಾಡಿ ಕಾಯುತ್ತಿತ್ತು. ಎಲ್ಲರನ್ನೂ ಅದರಲ್ಲಿ ಕೂಡಿಸಿ ಕಳಿಸಿ, ಅವರೊಬ್ಬರೇ ಆಟೋ ಹಿಡಿದು ನವನಗರಕ್ಕೆ ಹೋದರು. ಬಾಗಿಲು ತೆರೆದವರು ಚೇತನಕುಮಾರನ ತಾಯಿ ಗುರುಸಿದ್ದವ್ವ. ಅವರು ಇನ್ನಾಸಪ್ಪನವರನ್ನು ಹಿಂದೆಂದೂ ಕಂಡವರಲ್ಲ. ಆದರೂ ಯಾರು ಏನು ಎಂದು ವಿಚಾರಿಸುವ ಮೊದಲೇ, "ಬರ್ರಿ, ಬಿಸಲಾಗ ಬಂದೀರಿ, ಮೊದಲ ನೀರ ಕುಡೀರಿ" ಎಂದು ತಂಬಿಗೆಯ ಜೊತೆಗೆ ಬೆಲ್ಲದ ತುಣುಕು ತಂದಿಟ್ಟರು. ಅಡುಗೆಮನೆಯ ಬಾಗಿಲಿಗೆ ಬಂದ ಸ್ಟೆಲ್ಲಾ ಕೈಯಲ್ಲಿದ್ದ ಸೌಟನ್ನೂ ಇಡದೆ ನಿಂತಳು. "ತಪ್ಪ ನಂದೈತಿ ಮಗಳ" ಎಂದು ಇನ್ನಾಸಪ್ಪನವರು ನೇರವಾಗಿ ಹೇಳಿದರಂತೆ. ಪೀಠಿಕೆ ಹಾಕುವುದು ಅವರಿಗೆ ಎಂದೂ ಬಂದದ್ದಲ್ಲ.

ಕಣ್ಣೊರೆಸಿಕೊಂಡ ಮೇಲೆ ಸ್ಟೆಲ್ಲಾ ಕೇಳಿದ್ದು ಇಷ್ಟೇ: "ಅವ್ವಗ ಹೇಳಿ ಬಂದೀರೇನು?" ಇಲ್ಲವೆಂದು ಅವರು ತಲೆಯಾಡಿಸಿದರು. ಅವಳು ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. ಎರಡನೆಯ ರಿಂಗಿಗೇ ಮರೆವ್ವನ ದನಿ ಬಂತು, ಅಚ್ಚರಿಯಿಲ್ಲದ, ದಿನನಿತ್ಯದ, ಅವಸರದ ದನಿ: "ಏನವಾ, ಇವತ್ತ ಇಷ್ಟ ಲಗೂನ ಹಚ್ಚಿದಿ? ಬೀಗತೆಮ್ಮಗ ಮೊಣಕಾಲಿನ ಎಣ್ಣಿ ಮುಟ್ಟೇತೇನು? ನಿಮ್ಮಪ್ಪ ಇನ್ನೂ ಬಂದಿಲ್ಲ. ಬರೂದ್ರಾಗ ಮಾತಾಡಿ ಬಿಡೂಣು."

ಇದನ್ನು ನನಗೆ ಹೇಳುವಾಗ ಇನ್ನಾಸಪ್ಪನವರು ಮೊದಲು ನಕ್ಕರು, ಆಮೇಲೆ ಮುಖ ತಿರುಗಿಸಿಕೊಂಡರು. ನಾಲ್ಕು ವರ್ಷ ಮಗಳನ್ನು ಮನೆಯ ಹೊರಗಿಟ್ಟೆನೆಂದು ಅವರು ತಿಳಿದಿದ್ದರು. ಆ ನಾಲ್ಕು ವರ್ಷ ತಾಯಿ, ಮಗಳು, ಬೀಗಿತ್ತಿ ಎಲ್ಲರೂ ಸೇರಿ ಒಂದೇ ಮನೆಯಂತೆ ಬದುಕಿದ್ದರು. ಹೊರಗೆ ಇದ್ದವರು ಅವರೊಬ್ಬರೇ.

ಇಂಥ ನಿಷ್ಠುರರು ನಮ್ಮ ಸೀಮೆಯಲ್ಲಿ ಓಣಿಗೊಬ್ಬರಿದ್ದಾರೆ. ಪರರಿಗೆ ಸೀಟು ಬಿಟ್ಟುಕೊಡುವ ಇವರು ತಮ್ಮವರಿಗೆ ಮಾತ್ರ ನಿಯಮ ಓದಿ ಹೇಳುತ್ತಾರೆ. ತಮ್ಮ ಸಿಟ್ಟನ್ನು ಧರ್ಮದ ಹೆಸರಿನಿಂದ ಕರೆದು, ಬಾಗಿಲು ಹಾಕಿದೆವೆಂದು ಬೀಗುತ್ತಾರೆ. ಹಾಕಿದ ಬಾಗಿಲಿನ ಯಾವ ಕಡೆಗೆ ತಾವು ನಿಂತಿದ್ದೇವೆಂಬುದನ್ನು ನೋಡಿಕೊಳ್ಳಲು ಅವರಿಗೆ ವರ್ಷಗಳು ಬೇಕಾಗುತ್ತವೆ. ಒಳಗಿನವರು ಅವರನ್ನು ಬೈದುಕೊಳ್ಳುವುದುಂಟು, ಅವರಿಗೆ ಕಾಣದಂತೆ ನಗುವುದೂ ಉಂಟು. ಅವರ ಪಾಲಿನ ಅನ್ನವನ್ನು ತೆಗೆದಿಡುವುದನ್ನು ಮಾತ್ರ ಒಂದು ಹೊತ್ತೂ ಮರೆಯುವುದಿಲ್ಲ.