ಜನಿವಾರದ ಬೀಗದ ಕೈ

ಹಗ್ಗದ ಕೊನೆಯ ಗಂಟು ಬಿಗಿಯುತ್ತಿದ್ದಾಗ ದಿನೇಶ್ ಬಂದ. ಮದರಾಸಿನ ಪಲ್ಲಾವರಂನ ಆ ಸಣ್ಣ ಮನೆಯ ಮುಂದೆ ಕಮಲಾಕರನ ದೇಹವನ್ನು ಚಟ್ಟಕ್ಕೆ ಕಟ್ಟಿ ಮುಗಿಯುತ್ತ ಬಂದಿತ್ತು. ಗಿಂಡಿಯ ಲ್ಯಾಬಿನಲ್ಲಿ ಅವನ ಜೊತೆ ಆರು ವರ್ಷ ಕೆಲಸ ಮಾಡಿದ್ದ ದಿನೇಶ್, ಹಾರವನ್ನು ಕೈಯಲ್ಲೇ ಹಿಡಿದು ವೃಂದಾಳ ಹತ್ತಿರ ಬಂದವನು ಮತ್ತೆ ಹಿಂದೆ ಸರಿದ. ಗಂಡ ನಸುಕಿನಲ್ಲಿ ಎದೆ ಹಿಡಿದುಕೊಂಡು ಕುಸಿದಾಗಿನಿಂದ ವೃಂದಾ ಅತ್ತಿರಲಿಲ್ಲ. ಅಳು ಬರಲಿಲ್ಲ, ಅಷ್ಟೆ.

“ಏನಪ್ಪಾ, ಹೇಳು,” ಎಂದಳು.

“ಇವತ್ತು ಕೇಳೋ ಮಾತಲ್ಲ ಅಕ್ಕ. ಲ್ಯಾಬಲ್ಲಿ ಚರ್ಮ ಬೆಳೆಸೋ ಸೆಲ್ ರೂಮಿನ ಬೀಗದ ಕೈ... ಸಾರ್ ಅದನ್ನ ಜನಿವಾರಕ್ಕೆ ಕಟ್ಕೊಂಡಿದ್ರು.”

“ಇನ್ನೊಂದು ಇಲ್ವಾ?”

“ಡೈರೆಕ್ಟರ್ ಹತ್ರ ಐತೆ, ಅವ್ರು ದಿಲ್ಲೀಲವ್ರೆ. ಬಾಗಿಲು ಒಡೆದ್ರೆ ಧೂಳು ಬಿದ್ದು ಎಲ್ಲಾ ಕೆಟ್ಟೋಯ್ತದೆ. ಮಧ್ಯಾಹ್ನ ಮೂರು ಗಂಟೆಯೊಳಗೆ ಊಟ ಹಾಕ್ದಿದ್ರೆ ಆ ಚರ್ಮ ಉಳಿಯಲ್ಲ. ಶುಕ್ರವಾರ ಆಪರೇಷನ್.”

*

ಅದು ಹದಿನೇಳನೆಯ ನಂಬರಿನ ಚರ್ಮ. ಗಡಿಯಲ್ಲಿ ಟ್ರಕ್ಕಿಗೆ ಬೆಂಕಿ ಹತ್ತಿ ಬೆನ್ನೆಲ್ಲ ಸುಟ್ಟುಕೊಂಡ ಸಿಪಾಯಿಯದು. ಅವನ ತೊಡೆಯಿಂದ ತೆಗೆದ ಅಂಚೆಚೀಟಿಯಷ್ಟು ಚರ್ಮವನ್ನು ಗಾಜಿನ ತಟ್ಟೆಗಳಲ್ಲಿ ಬೆಳೆಸುವುದು ಕಮಲಾಕರನ ಕೆಲಸ. ೨೦೦೩ರಲ್ಲಿ ಅದು ಮದರಾಸಿಗೂ ಹೊಸದು. ದಿನ ಬಿಟ್ಟು ದಿನ ಅದರ ಆಹಾರದ ದ್ರವ ಬದಲಿಸಬೇಕು, ಭಾನುವಾರವಾದರೂ ಬಿಡುವಂತಿಲ್ಲ.

ಹೋದ ವಾರ ಅವರ ಮದುವೆಯ ವಾರ್ಷಿಕ ದಿನ. ಎಲೆ ಹಾಕಿದ ಮೇಲೆ ಅವನು ಎದ್ದು ಹೊರಟ.

“ಹದಿನೇಳಕ್ಕೆ ಊಟ ಕೊಟ್ಟು ಬಂದ್ಬಿಡ್ತೀನಿ.”

“ಆ ಹುಡುಗನ ಹೆಸರೇನು?”

“ಗೊತ್ತಿಲ್ಲ. ನಮಗೆ ನಂಬರ್ ಮಾತ್ರ ಬರತ್ತೆ.”

“ಹೆಸರೂ ಗೊತ್ತಿಲ್ಲದವನಿಗೆ ಊಟ. ನಾನು ಕಾಯ್ತಾ ಕೂತಿರ್ಬೇಕು.”

ಅವನು ನಕ್ಕು ಚಪ್ಪಲಿ ಮೆಟ್ಟಿದ. ಅವಳಿಗೆ ಆ ತಟ್ಟೆಗಳ ಮೇಲೆ ಹೊಟ್ಟೆಕಿಚ್ಚು. ಅವನು ತಿರುಗಿ ಬರುವ ತನಕ ಸಿಟ್ಟಿನಲ್ಲಿ ಊಟ ಮಾಡಲಿಲ್ಲ.

*

ಪುರೋಹಿತ ಹರಿದಾಸಾಚಾರ್ಯರು ಒಪ್ಪಲಿಲ್ಲ. “ಸ್ನಾನ ಆಗಿದೆ, ಕಟ್ಟಿಯಾಗಿದೆ. ಈಗ ಬಿಚ್ಚೋದು ಸರಿಯಲ್ಲಮ್ಮ.”

ಗೋಡೆಗೊರಗಿ ಕೂತಿದ್ದ ಕಮಲಾಕರನ ತಾಯಿ ಜಾನಕಮ್ಮ ತಲೆ ಎತ್ತಿದರು. “ಸ್ನಾನ ಮಾಡಿಸ್ದಾಗ ಬೀಗದ ಕೈ ತೆಗೀಲಾ ಅಂತ ಕೇಳಿದ್ರು. ಮನೆ ಬೀರುವಿನದಿರಬೇಕು, ಅವನ ಜೊತೆ ಹೋಗ್ಲಿ ಅಂದೆ ನಾನೇ. ಬಿಚ್ಚಲಿ ಆಚಾರ್ರೆ. ಅಯ್ಯೋ ಪಾವಂ, ಆ ಸಿಪಾಯಿ ಯಾರು ಹೆತ್ತ ಮಗನೋ.”

“ಜನಿವಾರ ಮಾತ್ರ ಕತ್ತರಿಸಬೇಡಿ,” ಎಂದು ಆಚಾರ್ಯರು ಮುಖ ತಿರುಗಿಸಿದರು.

ವೃಂದಾ ಹಗ್ಗ ಸಡಿಲಿಸಿ ಬಟ್ಟೆಯೊಳಗೆ ಕೈ ಹಾಕಿದಳು. ಉಪಾಕರ್ಮದ ದಿನ ಹಾಕಿದ ಗಂಟು ಬೆವರಿಗೆ ಕಲ್ಲಾಗಿತ್ತು, ಉಗುರಿಗೆ ಬಗ್ಗಲಿಲ್ಲ. ಅವಳು ಬಾಗಿ ಅದಕ್ಕೆ ಹಲ್ಲು ಹಾಕಿದಳು. ಮೂಗಿಗೆ ಗಂಧದ ವಾಸನೆ, ಬಾಯಿಗೆ ಉಪ್ಪು. ಎಳೆ ಎಳೆಯಾಗಿ ಬಿಡಿಸುವಷ್ಟು ಹೊತ್ತೂ ಅವಳ ಮುಖ ಅವನ ಎದೆಯ ಮೇಲಿತ್ತು.

“ಅಂತೂ ಅತ್ತಳು,” ಎಂದು ಪಕ್ಕದ ಮನೆಯ ತುಂಗಾ ಪಿಸುಗುಟ್ಟಿದರು.

ವೃಂದಾ ಎದ್ದು ಬೀಗದ ಕೈಯನ್ನು ದಿನೇಶನ ಅಂಗೈಗೆ ಹಾಕಿದಳು. ಕಣ್ಣು ಒಣಗಿಯೇ ಇತ್ತು.

*

ಗಂಡಸರು ಸ್ಮಶಾನದಿಂದ ಮರಳಿ ಸ್ನಾನ ಮುಗಿಸಿದರು. ತುಂಗಾ ತಮ್ಮ ಮನೆಯಿಂದ ಸಾರು ಅನ್ನ ತಂದು ಬಡಿಸಿದರು. ವೃಂದಾ ಎಲೆಯ ಮುಂದೆ ಸುಮ್ಮನೆ ಕೂತಿದ್ದಳು. “ಎರಡು ತುತ್ತು ತಿನ್ನೇ,” ಎಂದು ಜಾನಕಮ್ಮ ಎರಡು ಸಲ ಹೇಳಿ ಬಿಟ್ಟರು.

ಮೂರಕ್ಕೆ ಐದು ನಿಮಿಷವಿರುವಾಗ ಫೋನ್ ಬಂತು.

“ಹದಿನೇಳಕ್ಕೆ ಊಟ ಕೊಟ್ಟಾಯ್ತು ಅಕ್ಕ,” ಎಂದ ದಿನೇಶ್.

“ಸರಿ,” ಎಂದಳು.

ಬಂದು ಕೂತು, ಆರಿದ ಅನ್ನ ಕಲಸಿ ಮೊದಲ ತುತ್ತು ಬಾಯಿಗಿಟ್ಟಳು. ಹಲ್ಲಿನ ಸಂದಿಯಲ್ಲಿ ಉಳಿದಿದ್ದ ಒಂದು ನೂಲಿನ ಎಳೆ ನಾಲಿಗೆಗೆ ತಾಕಿತು. ಅದನ್ನು ತೆಗೆಯಲಿಲ್ಲ. ಹಾಗೆಯೇ ಅಗಿಯತೊಡಗಿದಳು.